ಆಲೂಗಡ್ಡೆಯ ನಾಡಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಚಿತ್ರ ಮೂಡುವ ಗಾಜಿನ ಪರದೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗಾಜು ಒರೆಸುವ ದೊಡ್ಡಮ್ಮ. ಕಾರ್ಖಾನೆಯ ಮುಂದಿನ ರಸ್ತೆಯನ್ನು ಅಗೆದು ಹಾಕಿದ್ದ ಬೇಸಿಗೆಯ ಒಂದು ಸಂಜೆ, ಪಾಳಿ ಮುಗಿಸಿದವರೆಲ್ಲ ಚಪ್ಪಲಿ ಬದಲಿಸುವ ಕೋಣೆಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ ಹೇಳಿದ್ದು. ಪ್ಯಾಕಿಂಗ್ ವಿಭಾಗದವರು ಇದೇ ಕಥೆ ಹೇಳುವಾಗ ಆಲೂಗಡ್ಡೆಯ ಜಾಗಕ್ಕೆ ಈರುಳ್ಳಿ ಬರುತ್ತದೆ. "ಈರುಳ್ಳಿ ಆಗಿದ್ರೆ ಎಲ್ರೂ ಅಳ್ಬೇಕಿತ್ತು. ಅವತ್ತು ಒಬ್ರೂ ಅಳಲಿಲ್ಲ" ಎಂದು ದೊಡ್ಡಮ್ಮ ಅದನ್ನು ತಳ್ಳಿಹಾಕಿದರು. ಹಾಗಾಗಿ ನಾನೂ ಆಲೂಗಡ್ಡೆಯನ್ನೇ ಉಳಿಸಿಕೊಂಡಿದ್ದೇನೆ.

ಕಾರ್ಖಾನೆ ಒಬ್ಬ ಅಣ್ಣ ಮತ್ತು ಅವನ ತಂಗಿಯದು. ವ್ಯವಹಾರ ಅಣ್ಣನದು, ಪರದೆ ತಂಗಿಯದು. ಬೆಳಕು ನುಸುಳದ ಪರೀಕ್ಷಾ ಕೋಣೆಯಲ್ಲೇ ದಿನವಿಡೀ ಇರುತ್ತಿದ್ದುದರಿಂದ ಕೆಲಸದವರು ಆಕೆಗೆ ಕತ್ತಲಕ್ಕ ಎಂದು ಹೆಸರಿಟ್ಟಿದ್ದರು. ಎಲ್ಲ ಪರದೆಗಳೂ ತೋರಿಸುತ್ತವೆ; ಆಕೆಯ ಪರದೆ ನೋಡುತ್ತಲೂ ಇತ್ತು. ಚಿತ್ರ ಮೂಡಿಸುವ ಬೆಳಕಿನ ಚುಕ್ಕೆಗಳ ನಡುವೆ ಆಕೆ ಸಾವಯವ ಸಂಯುಕ್ತವೊಂದನ್ನು ಶಾಯಿಯಷ್ಟು ತೆಳುವಾಗಿ ಬಳಿದು, ಬೆಳಕನ್ನು ಗ್ರಹಿಸುವ ಚುಕ್ಕೆಗಳನ್ನು ಕೂರಿಸಿದ್ದಳು. ಅವುಗಳನ್ನು ಎಲ್ಲರೂ ಕಣ್ಣುಚುಕ್ಕೆ ಎನ್ನುತ್ತಿದ್ದರು. ಪರದೆಯ ಮೇಲೆ ಬೆರಳಿಟ್ಟರೆ ಅದರ ಹಸಿರು ಬೆಳಕು ಚರ್ಮದೊಳಗೆ ಹೊಕ್ಕು, ರಕ್ತದ ಏರಿಳಿತಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗಿ ಮರಳುತ್ತಿತ್ತು. ಕಣ್ಣುಚುಕ್ಕೆಗಳು ಅದನ್ನು ಹಿಡಿದು ನಾಡಿಬಡಿತ ಹೇಳುತ್ತಿದ್ದವು. ರೋಗಿಗಳ ಅಂಗೈಗೆ ಕಟ್ಟಲು ಆಸ್ಪತ್ರೆಯೊಂದು ಇವನ್ನು ಕೊಳ್ಳಲು ಮುಂದೆ ಬಂದಿತ್ತು.

ಆಸ್ಪತ್ರೆಯವರು ನೋಡಲು ಬರುವ ಹಿಂದಿನ ದಿನ ಕತ್ತಲಕ್ಕ ಪೇಟೆಯಿಂದ ತರಕಾರಿ ಚೀಲದೊಂದಿಗೇ ಕೆಲಸಕ್ಕೆ ಬಂದಿದ್ದಳು. ಪರೀಕ್ಷೆಗೆಂದು ಪರದೆಯ ಮೇಲೆ ಮುಚ್ಚಿದ ಕಪ್ಪು ಬಟ್ಟೆ ಜಾರುತ್ತಿತ್ತೆಂದು ಅದರ ಮೇಲೆ ಒಂದು ಆಲೂಗಡ್ಡೆ ಹೇರಿದಳು. ಬಟ್ಟೆ ಜಾರಿಯೇ ಜಾರಿತು. ಆಲೂಗಡ್ಡೆ ಬರಿಗಾಜಿನ ಮೇಲೆ ಕುಳಿತಿತು. ಪರದೆ ತಣ್ಣಗೆ ತೋರಿಸಿತು: ಎಪ್ಪತ್ತೆರಡು.

"ಅಣ್ಣಾ, ಬಾ ಇಲ್ಲಿ. ಇದಕ್ಕೆ ನಾಡಿ ಇದೆ, ನಿನ್ನದಕ್ಕಿಂತ ಚೆನ್ನಾಗಿದೆ."

"ತಮಾಷೆಗೆ ಹೊತ್ತಿಲ್ಲ ನಂಗೆ."

"ನಂಗೂ ಇಲ್ಲ. ಬೆರಳು ಇದ್ದಾಗ ಪರದೆ ನಿಜ ಹೇಳತ್ತೆ. ನಾಡಿ ಇಲ್ಲದಾಗ, ಪಕ್ಕದ ಚುಕ್ಕೆಯಿಂದ ಸೋರಿದ ತನ್ನದೇ ಮಿಣುಕನ್ನ ನೋಡ್ಕೊಂಡು ನಾಡಿ ಅಂತಿದೆ. ಮಧ್ಯೆ ಕಪ್ಪು ಗೋಡೆ ಎಬ್ಬಿಸ್ಬೇಕು, ಪ್ರತಿ ಚುಕ್ಕೆಗೂ."

"ಗೋಡೆ ಅಂದ್ರೆ ಎಲ್ಲಾ ಮೊದಲಿಂದ! ಆಸ್ಪತ್ರೆ ಹಾಸಿಗೆ ಮೇಲೆ ಆಲೂಗಡ್ಡೆ ಯಾರಮ್ಮ ಮಲಗಿಸ್ತಾರೆ?"

"ಮನುಷ್ಯನ್ನೇ ಮಲಗಿಸ್ತಾರೆ. ಅವನ ಎದೆ ನಿಂತ ಮೇಲೂ ಇದು ಎಪ್ಪತ್ತೆರಡು ಅಂತಿರತ್ತೆ. ನರ್ಸು ಅದನ್ನ ನೋಡಿ ಪಕ್ಕದ ಹಾಸಿಗೆಗೆ ಹೋಗ್ತಾಳೆ."

"ಮೊದಲು ಒಪ್ಪಿಸೋಣ, ಆಮೇಲೆ ಸರಿ ಮಾಡೋಣ" ಎಂದ ಅಣ್ಣ.

"ಯಾರು ಸತ್ತ ಆಮೇಲೆ?"

"ನಾಳೆ ನೀನು ಬಾಯಿ ಬಿಟ್ರೆ ಮತ್ತೆ ಈ ಬಾಗಿಲೊಳಗೆ ಕಾಲಿಡೋ ಹಾಗಿಲ್ಲ. ತಂಗಿ ಅಂತ ಮುಖ ನೋಡಲ್ಲ."

ಮರುದಿನ ಆಸ್ಪತ್ರೆಯಿಂದ ಒಬ್ಬ ಡಾಕ್ಟರಮ್ಮ ಬಂದರು. ಅಣ್ಣ ಜೇನಿನಂತೆ ಮಾತಾಡಿದ. ಡಾಕ್ಟರಮ್ಮ ಬೆರಳಿಟ್ಟರು, ಪರದೆ ಸರಿಯಾಗಿಯೇ ಹೇಳಿತು. ಅವರು ಬೆರಳು ತೆಗೆದೊಡನೆ ಕತ್ತಲಕ್ಕ ಎದ್ದು ಬಂದು, ಬಾಯಿ ಬಿಗಿಹಿಡಿದುಕೊಂಡೇ ಅದೇ ಜಾಗದಲ್ಲಿ ಆಲೂಗಡ್ಡೆ ಇಟ್ಟಳು. ಎಪ್ಪತ್ತೆರಡು.

ಡಾಕ್ಟರಮ್ಮ ನಕ್ಕರು. "ಆರೋಗ್ಯವಾಗಿದೆ, ಮನೆಗೆ ಕಳಿಸ್ಬಹುದು!" ಎಂದವರು ಮಾತು ಮುಗಿಯುವ ಮೊದಲೇ ನಗು ನಿಲ್ಲಿಸಿದರು.

"ಅದೊಂದು ಪೀಸು ಕೆಟ್ಟಿದೆ ಮೇಡಂ," ಅಣ್ಣ ಮುಂದಿನ ಮೇಜಿನತ್ತ ಕೈ ಚಾಚಿದ. "ಈ ಕಡೆ ನೋಡಿ."

ಆ ಮೇಜಿನ ಬಳಿ ಇದ್ದವರು ಗಾಜು ಒರೆಸುವ ದೊಡ್ಡಮ್ಮನೇ. ಕತ್ತಲಕ್ಕನ ತರಕಾರಿ ಚೀಲಕ್ಕೆ ಕೈ ಹಾಕಿ, ಒಂದು ಆಲೂಗಡ್ಡೆ ತೆಗೆದು ತಮ್ಮ ಮುಂದಿನ ಪರದೆಯ ಮೇಲಿಟ್ಟು, ಚೀಲವನ್ನು ಪಕ್ಕದವಳಿಗೆ ದಾಟಿಸಿದರು. ಅವಳು ತನ್ನ ಆಚೆಯವನಿಗೆ. ಸಾಲಿನ ತುದಿಯವರೆಗೂ ಆಲೂಗಡ್ಡೆಗಳು ಕುಳಿತವು, ಸಾಲಿನ ತುದಿಯವರೆಗೂ ನಾಡಿ ಬಡಿಯಿತು.

"ಯಾರು ಹೇಳಿದ್ದು ನಿಮಗೆ?" ಅಣ್ಣ ಗುಡುಗಿದ.

"ಯಾರೂ ಹೇಳಿಲ್ಲ ಸಾರ್," ಎಂದರಂತೆ ದೊಡ್ಡಮ್ಮ. "ಮೇಡಂಗೆ ನೀವೂ ಹೇಳಿಲ್ಲ, ಅದಕ್ಕೇ ಇಟ್ವಿ."

ಡಾಕ್ಟರಮ್ಮ ತಮ್ಮ ಕೈಚೀಲ ಹೆಗಲಿಗೇರಿಸಿದರು. "ಇದು ನಾಡಿ ಇಲ್ಲ ಅನ್ನೋದನ್ನ ಕಲಿತ ದಿನ ಕರೀರಿ" ಎಂದು ಹೊರಟುಹೋದರು.

"ಸಮಾಧಾನ ಆಯ್ತಾ? ನಾಳೆ ಬರ್ಬೇಡ" ಎಂದ ಅಣ್ಣ.

"ಬರ್ತೀನಿ. ಗೋಡೆ ಕೆಲಸ ಇದೆ."

ಬಂದಳು. ಗೇಟಿನವನಿಗೆ ಆಜ್ಞೆಯಾಗಿತ್ತು, ಅವನು ನೆಲ ನೋಡುತ್ತ ನಿಂತ. ಆಕೆ ತಿರುಗಿ ಹೋಗಲಿಲ್ಲ, ಒಂದು ಮಾತೂ ಬೇಡಲಿಲ್ಲ, ಕಂಬಿಗೆ ಬೆನ್ನು ಕೊಟ್ಟು ಕುಳಿತಳು. ಪಾಳಿಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕುಳಿತರು. ಬಿಸಿಲೇರುವ ಹೊತ್ತಿಗೆ ಒಳಗೆ ಯಂತ್ರಗಳ ಸದ್ದೇ ಇರಲಿಲ್ಲ. ಅಣ್ಣ ತಾನೇ ಬಂದು ಗೇಟು ತೆಗೆದ. "ಒಳಗೆ ಸಾಯಿ" ಎಂದ. ಅದನ್ನು ಎಲ್ಲರೂ ಆಹ್ವಾನವೆಂದೇ ತಿಳಿದರು.

ಗೋಡೆ ಏಳಲು ಬಹಳ ದಿನ ಹಿಡಿಯಿತು. ಎರಡು ಬಾರಿ ಕಪ್ಪು ಲೇಪ ಒಡೆಯಿತು, ಒಮ್ಮೆ ಕಣ್ಣುಚುಕ್ಕೆಗಳೇ ಕುರುಡಾದವು. ಕೊನೆಗೊಂದು ದಿನ ಕತ್ತಲಕ್ಕ ಹೊಸ ಪರದೆಯ ಮೇಲೆ ಆಲೂಗಡ್ಡೆ ಇಟ್ಟಳು. ಪರದೆ ಎರಡು ಅಡ್ಡಗೆರೆ ತೋರಿಸಿ ಸುಮ್ಮನಾಯಿತು. ಏನೂ ಇಲ್ಲ ಎಂಬುದನ್ನು ನೋಡಿ ಅಷ್ಟು ಜನ ಚಪ್ಪಾಳೆ ತಟ್ಟಿದ್ದನ್ನು ತಾವು ಕಂಡಿಲ್ಲ ಎಂದರು ದೊಡ್ಡಮ್ಮ.

ಅಣ್ಣ ಗುಂಪನ್ನು ಸರಿಸಿ ಬಂದು, ಆಲೂಗಡ್ಡೆಯನ್ನು ಪಕ್ಕಕ್ಕೆ ತಳ್ಳಿ, ತನ್ನ ಬೆರಳಿಟ್ಟ. ತೊಂಬತ್ತೆಂಟು.

"ಇನ್ನೂ ಸಿಟ್ಟಾ?"

"ಹೂಂ."

"ಇರ್ಲಿ. ಈಗ ನಿನ್ನ ಸಿಟ್ಟನ್ನೂ ನಂಬಬಹುದು" ಎಂದಳು ತಂಗಿ. "ಡಾಕ್ಟರಮ್ಮಂಗೆ ಫೋನ್ ಮಾಡು."

ಕಥೆ ಇಲ್ಲಿಗೆ ಬಂದಾಗ ಅಗೆದ ರಸ್ತೆಯಲ್ಲಿ ಬಸ್ಸು ಕುಲುಕುತ್ತ ಬರುವ ಸದ್ದು ಕೇಳಿಸಿತು. ದೊಡ್ಡಮ್ಮ ಮಾತು ನಿಲ್ಲಿಸಿ ಬೆಂಚಿನ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕಿಕೊಂಡರು. ಕೇಳುತ್ತಿದ್ದವರೆಲ್ಲ ಊಟದ ಡಬ್ಬಿ ಎತ್ತಿಕೊಂಡು, ಜಾಗ ಹಿಡಿಯಲು ಒಬ್ಬರನ್ನೊಬ್ಬರು ನೂಕುತ್ತ ಬಸ್ಸು ಹತ್ತಿ ಮನೆಗೆ ಹೋದರು.