ಹಲ್ಲು ಕೀಳುವ ಮುನ್ನ ಒಂದು ಹಾಡು

ಹಸಿರು ಗೆರೆ ಅಲುಗಲೇ ಇಲ್ಲವಲ್ಲ, ಇಸ್ತ್ರಿ ಹಾಕಿದ ಹಾಗೆ ನೆಟ್ಟಗೆ ಮಲಗಿದೆ, ಕೆಂಪು ಚುಕ್ಕೆ ಒತ್ತಿದ್ದಾಯಿತು, ಅತ್ತೆ ಹಾಡಿ ಮುಗಿಸಿದ್ದಾಯಿತು, ಬೀಸುವ ಕಲ್ಲಿನಿಂದ ಜೋಳದ ಹಿಟ್ಟು ಹಾರಿ ಕೀಬೋರ್ಡಿನ ಮೇಲೆ ಕೂತದ್ದೂ ಆಯಿತು, ಆದರೆ ದನಿ ಬಿದ್ದರೆ ಕುಣಿಯಬೇಕಾದ ಈ ಗೆರೆಯ ಕಿವಿಗೆ ಮಾತ್ರ ಏನೂ ಬಿದ್ದೇ ಇಲ್ಲ – ಪೂರ್ಣಿಮಾ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು, ಹಿಂದೆ ಕಲ್ಲಿನ ಗೂಟ ಹಿಡಿದೇ ಕೂತಿದ್ದ ಶಿವಬಸವ್ವ, ಬಂತೇನ ಪೂರ್ಣಿ, ತೋರ್ಸು ನೋಡೂಣು ನನ್ನ ದನಿ, ಅನ್ನುತ್ತಿದ್ದಾಳೆ, ಏನು ತೋರಿಸುವುದು, ಈ ಗೆರೆಯನ್ನೇ? ಬರಾಕತ್ತೈತ್ರಿ ಅತ್ತಿ, ಸ್ವಲ್ಪ ತಡೀರಿ, ಎಂದಳು, ಹನ್ನೊಂದು ವರ್ಷದ ಸಂಸಾರ ಕಲಿಸಿದ ಮಾತು ಅದು, ಸಾರು ಸೀದರೂ ಬರಾಕತ್ತೈತಿ, ಹಾಲು ಒಡೆದರೂ ಬರಾಕತ್ತೈತಿ, ಆದರೆ ಇವತ್ತು ಬರಲೇಬೇಕು, ಸಂಜೆಗೆ ಟಿಳಕವಾಡಿಯ ಡಾಕ್ಟರು ಅತ್ತೆಯ ಮುಂದಿನ ಹಲ್ಲುಗಳನ್ನೆಲ್ಲ ಕೀಳುತ್ತಾರೆ, ಹೊಸ ಹಲ್ಲು ಕೂರಿಸುವುದು ಒಸಡು ಮಾಗಿದ ಮೇಲೆ, ಅಷ್ಟರೊಳಗೆ ಖಾನಾಪುರದ ಮಗಳ ಮನೆಯಲ್ಲಿ ಮೊಮ್ಮಗಳು ರೂಪಾಲಿಯ ಮದುವೆ, ಆ ಮನೆಯಲ್ಲಿ ಮದುವೆಯ ಅರಿಷಿಣ ಕಲ್ಲಿಗೆ ಬೀಳುವಾಗ ಅಜ್ಜಿಯ ಬೀಸುವ ಹಾಡು ಕೇಳದಿದ್ದರೆ ಯಾರೂ ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ, ಹಲ್ಲಿಲ್ಲದ ಬಾಯಾಗ ಹಾಡಂದ್ರ ಪಂಕ್ಚರ್ ಆದ ಸೈಕಲ್ ಇದ್ದಂಗ, ಬರೇ ಉಸಿರ, ಎಂದು ಅತ್ತೆಯೇ ನಕ್ಕಿದ್ದಳು. ಟೇಪ್ ರೆಕಾರ್ಡರು ರೀಲು ತಿನ್ನುವುದನ್ನು ಕಲಿತಿದೆ, ಅದಕ್ಕೇ ಗಂಡ ಉಳವಪ್ಪನ ಅಪ್ಪಣೆ, ಕಂಪ್ಯೂಟರಿನ್ಯಾಗ ತುಂಬು, ಅದನ್ನ ಹಂಗ ಕೌದಿಯೊಳಗ ಸುತ್ತಿ ಟೆಂಪೋದಾಗ ಒಯ್ಯೂಣು, ಅಂದರೆ ಮದುವೆಗೆ ಈ ಡಬ್ಬಿಯೂ ಬೀಗಿತ್ತಿಯ ಹಾಗೆ ಕೌದಿ ಹೊದ್ದು ಪೀರನವಾಡಿ ದಾಟಿ ಬರುತ್ತದೆ, ಅದಕ್ಕೂ ಒಂದು ಕುಪ್ಪಸದ ಕಣ ಇಟ್ಟು ಉಡಿ ತುಂಬಬೇಕಾದೀತು.

ಮೈಕಿನ ವೈರು ಸರಿಯಿದೆಯೇ, ಮೇಜು ಎಳೆದು ಡಬ್ಬಿಯ ಬೆನ್ನು ನೋಡಿದಳು, ಹಸಿರು ತೂತು, ನೀಲಿ ತೂತು, ಗುಲಾಬಿ ತೂತು, ಮೈಕು ಗುಲಾಬಿಯಲ್ಲೇ ಇದೆ, ಪಕ್ಕದಲ್ಲಿ ಮಗಳ ಕಳೆದುಹೋದ ಕಾಲುಚೀಲ, ಅಯ್ಯೋ ಇಲ್ಲೈತಿ ನೋಡು, ಮೊನ್ನೆ ಇದಕ್ಕಾಗಿ ಕೂಸು ಎಷ್ಟು ಬೈಸಿಕೊಂಡಿತು – ಇರಲಿ, ಈಗ ಹಾಡು, ಆದರೆ ಹೇಗೆ ಹೇಳುವುದು ಇನ್ನೊಮ್ಮೆ ಹಾಡಿ ಎಂದು, ಈ ಹಾಡು ಬರೆದಿಟ್ಟದ್ದಲ್ಲ, ಕಲ್ಲು ತಿರುಗಿದ ಹಾಗೆ ಬಾಯಿಗೆ ಬಂದದ್ದು, ಮನುಷ್ಯರ ಮುಂದೆ ಆಡಲಾಗದ್ದನ್ನು ಕಲ್ಲಿನ ಮುಂದೆ ಆಡುವುದು, ಬರಿಗಲ್ಲು ತಿರುಗಿಸಬಾರದೆಂದು ಸೇರುಗಟ್ಟಲೆ ಜೋಳ ಸುರಿದು ಅತ್ತೆ ಕಣ್ಣು ಮುಚ್ಚಿ ಹಾಡಿದ್ದಳು, ಗಂಡ, ದನ, ಗದ್ದೆ, ಮೊಮ್ಮಗಳು ಎಲ್ಲ ಬಂದರು, ಆಮೇಲೆ ಇದ್ದಕ್ಕಿದ್ದಂತೆ, ಹಡದಾಕಿ ನಾನಲ್ಲ, ಹೊತ್ತಾಕಿ ನಾನಲ್ಲ, ಮತ್ಹ್ಯಾಂಗ ಮಗಳಾದ್ಳ ನನ ಸೊಸಿ – ಹನ್ನೊಂದು ವರ್ಷದಲ್ಲಿ ಪಲ್ಯ ಚೊಲೋ ಆಗೇತಿ ಎಂದೂ ಹೇಳದ ಬಾಯಿ, ಮತ್ತು ಆಗಲೂ ಈ ಗೆರೆ ಹೀಗೇ ಮಲಗಿತ್ತೇ, ಮುಖ ತಿರುಗಿಸಿ ಅತ್ತೆಯನ್ನೇ ನೋಡುತ್ತಿದ್ದವಳಿಗೆ ಅದು ಕಾಣಲೇ ಇಲ್ಲ.

ಫೋನು ಮಾಡಿ ಕೇಳಿದರೆ ಉಳವಪ್ಪ ಆಫೀಸಿನಿಂದ, ಅಲ್ಲಲೇ, ದನಿ ಒಳಗ ಬರೋದರ ಕಿಟಕಿ ಬ್ಯಾರೆ, ಹೊರಗ ಹೋಗೋದರ ಕಿಟಕಿ ಬ್ಯಾರೆ, ಒಳಗ ಬರೋದರಾಗ ಯಾವುದಕ್ಕ ಟಿಕ್ ಐತಿ ನೋಡು, ನೋಡಿದರೆ ಸಿ.ಡಿ.ಗೆ, ತಟ್ಟೆಯೇ ಇಲ್ಲದ ಸಿ.ಡಿ.ಗೆ, ಇಷ್ಟೊತ್ತು ಕಂಪ್ಯೂಟರು ಅತ್ತೆಯ ಕಡೆ ಬೆನ್ನು ಹಾಕಿ ಖಾಲಿ ತಟ್ಟೆಯ ಹಾಡನ್ನು ಭಕ್ತಿಯಿಂದ ಕೇಳುತ್ತ ಕೂತಿತ್ತು, ಮೈಕಿನ ಕೆಳಗೆ ಟಿಕ್ ಹಾಕಿದ ಕೂಡಲೇ ಸಿ.ಡಿ.ಯದು ತಾನೇ ಅಳಿಯಿತು, ಒಂದೇ ಹೊತ್ತಿಗೆ ಒಬ್ಬರ ಮಾತನ್ನೇ ಕೇಳುತ್ತದಂತೆ, ಜಾಣ, ಈ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ, ನಮ್ಮ ನಳದ ನೀರೂ ಹೀಗೇ, ಕೆಳಗಿನ ಹೌದಿನ ತೊಟ್ಟಿಯ ವಾಲ್ವು ಬಿಟ್ಟರೆ ಮೇಲಿನ ಟಾಕಿಯದು ಕಟ್ಟಬೇಕು – ಅಷ್ಟರಲ್ಲಿ ಸ್ಪೀಕರಿನಿಂದ ಕುಂಯ್ಯ್ಯ್ ಎಂದು ಮನೆ ಸೀಳುವ ಕೂಗು, ಅತ್ತೆ ಗೂಟ ಬಿಟ್ಟು ಗೋಡೆಗೆ ಅಂಟಿದಳು, ಯವ್ವಾ, ಇದಕ್ಕೂ ಹಲ್ಲಬ್ಯಾನಿ ಐತೇನ, ಇದನ್ನೂ ಡಾಕ್ಟರ್ ಕಡೆ ಕರಕೊಂಡು ಹೋಗೂಣೇನ! ಮೈಕಿಗೆ ಬಂದದ್ದು ಸ್ಪೀಕರಿಗೆ ಹೋಗಿ, ಸ್ಪೀಕರಿನದು ಮತ್ತೆ ಮೈಕಿಗೆ ಬಂದು, ಇಬ್ಬರು ಓರಗಿತ್ತಿಯರು ಒಬ್ಬರ ಮಾತನ್ನೊಬ್ಬರು ಎತ್ತಿ ಆಡಿದ ಹಾಗೆ, ಹೊರಗೆ ಹೋಗುವ ಕಿಟಕಿಯಲ್ಲಿ ಮೈಕಿನ ಬಾಯಿ ಮುಚ್ಚಬೇಕು, ಮುಚ್ಚಿದಳು, ನಿಶ್ಶಬ್ದ, ಅತ್ತೆ ಕೆಮ್ಮಿದಳು, ಗೆರೆ ಜಿಗಿಯಿತು! ಅತ್ತೀ, ಇನ್ನೊಂದ ಸರ್ತಿರಿ, ಹಂಗ, ಆಗ ಹಾಡಿದಂಗ, ಕಡೀದು ಒಂದ ಸಾಲು ಇತ್ತಲ್ರಿ... ಯಾವ ಸಾಲು? ಅದರೀ, ಸೊಸಿದು. ಶಿವಬಸವ್ವ ಹಿಟ್ಟು ಕೊಡವಿಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ನೀ ಯಾಕ ಕೇಳಿಸಿಕೊಂಡಿ, ನಾ ಕಲ್ಲಿಗೆ ಹೇಳಿದ್ದು.

ಮತ್ತೆ ಜೋಳ, ಮತ್ತೆ ಕಲ್ಲು, ಈಗ ಗೆರೆ ಕುಣಿಯುತ್ತಿದೆ, ಗಂಡ ಬಂದ, ದನ ಬಂದವು, ಮೊಮ್ಮಗಳು ಬಂದಳು, ನಡುವೆ ಕುಕ್ಕರಿನ ಸೀಟಿಯೂ ಬಂತು, ಬರಲಿ, ಬೇಳೆ ಕರಗಿ ಹೋಗಲಿ, ಈಗ ಸೊಸೆ ಬರುತ್ತಾಳೆ, ಬಂದಳು – ಸಾರಿಗೆ ಉಪ್ಪಿಲ್ಲ, ರೊಟ್ಟಿಗೆ ಅಂಚಿಲ್ಲ, ಊರಿಗೇ ದೊಡ್ಡಾಕಿ ನನ ಸೊಸಿ – ಗೆರೆ ಎಂಥ ಎತ್ತರಕ್ಕೆ ಜಿಗಿಯಿತು, ಉಪ್ಪಿಲ್ಲ ಎನ್ನುವಲ್ಲಿ ಗುಡ್ಡ, ಅಂಚಿಲ್ಲ ಎನ್ನುವಲ್ಲಿ ಇನ್ನೊಂದು ಗುಡ್ಡ, ಅತ್ತೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಳು, ತುಟಿಯ ತುದಿಯಲ್ಲಿ ನಗೆ, ಇದೇ ಇನ್ನು ಟೆಂಪೋದಲ್ಲಿ ಹೋಗುತ್ತದೆ, ಇದನ್ನೇ ಇಡೀ ಖಾನಾಪುರ ಕೇಳುತ್ತದೆ, ಬೀಗರು ಕೇಳುತ್ತಾರೆ, ಹುಡುಗಿಯ ಸೋದರತ್ತಿ ಸಾರಿಗೆ ಉಪ್ಪು ಹಾಕೂದಿಲ್ಲಂತ ಎನ್ನುತ್ತಾರೆ, ಪೂರ್ಣಿಮಾಗೆ ನಗು ತಡೆಯಲಾಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡಳು, ಮೈಕು ಅದನ್ನೂ ಕೇಳಿಸಿಕೊಂಡೀತು. ಹೊರಗೆ ಉಳವಪ್ಪನ ಸ್ಕೂಟರು, ಬರ್ರಿ ಯವ್ವಾ, ಡಾಕ್ಟರ್ ಕಾಯಾಕತ್ತಾರ, ಅತ್ತೆ ಬಾಗಿಲಲ್ಲಿ ನಿಂತು ನಾಲಿಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ತಡವಿ, ಹೋಗಿ ಬರ್ತೇನ ತಂಗಿ, ಹಿಟ್ಟು ಜರಡಿ ಹಿಡಿ, ಎಂದು ಹೋದಳು, ತಂಗಿ ಎಂದಳೇ, ಮಗಳನ್ನು ಕರೆಯುವ ಹಾಗೆ, ಪೂರ್ಣಿ ಎನ್ನಲಿಲ್ಲವೇ – ಹಿಟ್ಟು ಜರಡಿ ಹಿಡಿಯಬೇಕು, ಬೇಳೆ ಇಳಿಸಬೇಕು, ಮೊದಲು, ದನಿ ಬೀಳದ ಆ ಮೊದಲ ಸಲದ ಖಾಲಿ ಹಾಡನ್ನು ಅಳಿಸಬೇಕು, ಸುಮ್ಮನೆ ಜಾಗ ತಿನ್ನುತ್ತದೆ, ಅಳಿಸಲೇ ಎಂದು ಕಂಪ್ಯೂಟರು ಕೇಳಿತು, ಬೇಡ ಎಂದಳು, ಕುರ್ಚಿ ಎಳೆದು ಕೂತು ಅದನ್ನೇ ಹಾಕಿದಳು, ಸ್ಪೀಕರಿನಲ್ಲಿ ಸದ್ದಿಲ್ಲ, ಈಗ ಗಂಡ, ಈಗ ದನ, ಈಗ ಮೊಮ್ಮಗಳು, ಈಗ, ಈಗ ಹಡದಾಕಿ ನಾನಲ್ಲ, ಹಸಿರು ಗೆರೆ, ನೆಟ್ಟಗೆ, ಈ ತುದಿಯಿಂದ ಆ ತುದಿಗೆ, ಹಸಿರು ಗೆರೆ