ಕೆಂಪು ಕಾಣಿಸಿದ ಮೇಲೆ

ದೊಡ್ಡಮ್ಮನ ಕಾಲಿನ ಗಾಯ ಎಲ್ಲಿ ವಾಸಿಯಾಗಿಬಿಡುತ್ತದೋ ಎಂಬುದೇ ಅವಳ ಭಯ. ಸಣ್ಣಪುಟ್ಟದ್ದನ್ನೆಲ್ಲ ದಿನಚರಿಗೆ ಹೇಳಿಕೊಳ್ಳುವ ಹುಡುಗಿ, ಇದನ್ನು ಮಾತ್ರ ಅಲ್ಲಿಯೂ ಬರೆದಿರಲಿಲ್ಲ. ಹಲ್ಲುಜ್ಜುವಾಗ ಕನ್ನಡಿಯ ಮುಂದೆ ತನಗೆ ತಾನೇ ಒಪ್ಪಿಕೊಂಡಿದ್ದಳು, ಅಷ್ಟೇ.

ಬೆಳಗಿನ ತಿಂಡಿ ಮುಗಿದರೆ ದೊಡ್ಡಮ್ಮ ಸ್ಟೂಲಿನ ಮೇಲೆ ಕಾಲು ಚಾಚುತ್ತಿದ್ದರು. ಇವಳು ಹಳೆಯ ಪಟ್ಟಿ ಬಿಚ್ಚಿ, ಗಾಯ ತೊಳೆದು, ಟ್ಯೂಬಿನಿಂದ ಮುಲಾಮು ಹಿಂಡಿ ಹಚ್ಚಬೇಕು.

"ಧಾರಾಳವಾಗಿ ಹಚ್ಚೇ. ನಿಮ್ಮಪ್ಪನ ಗಂಟೇನು ಹೋಗಲ್ಲ. ಏನೇ ಮೌನಗೌರಿ, 'ಹೂಂ' ಅನ್ನೋಕೂ ತೆರಿಗೆ ಕಟ್ಬೇಕಾ?"

ಇವಳು ಧಾರಾಳವಾಗಿಯೇ ಹಚ್ಚುತ್ತಿದ್ದಳು.

ಆ ಮುಲಾಮಿನಲ್ಲಿದ್ದದ್ದು ಕಿಣ್ವ. ಸತ್ತ ಮಾಂಸವನ್ನು ಕರಗಿಸಿ ತೆಗೆಯುವುದು ಅದರ ಕೆಲಸ. "ಕಪ್ಪು ಹೋಗಿ ಕೆಂಪು ಕಾಣಿಸಿದ ತಕ್ಷಣ ನಿಲ್ಲಿಸ್ಬಿಡಮ್ಮ. ಆಮೇಲೆ ಬರೀ ಉಪ್ಪುನೀರಿನ ಪಟ್ಟಿ ಸಾಕು," ಎಂದು ಆಸ್ಪತ್ರೆಯ ನರ್ಸ್ ಇವಳೊಬ್ಬಳಿಗೇ ಹೇಳಿದ್ದರು. ದೊಡ್ಡಮ್ಮ ಆಗ ಹೊರಗೆ ಚಪ್ಪಲಿ ಹುಡುಕುತ್ತಿದ್ದರು. ಕಪ್ಪು ಹೋಯಿತು. ಹೊಸ ಮಾಂಸದ ಕೆಂಪು, ರವೆಯ ಹಾಗೆ ಸಣ್ಣ ಸಣ್ಣ ಕಾಳಾಗಿ, ಕಾಣಿಸಿಕೊಂಡೂ ಆಯಿತು. ಇವಳು ನಿಲ್ಲಿಸಲಿಲ್ಲ.

ತಿಳಿಯದೆ ಮಾಡಿದ್ದಲ್ಲ. ಕಾಲೇಜಿನ ಕೊನೆಯ ವರ್ಷ ಅವಳು ಮುಳುಗಿ ಓದಿದ್ದೇ ಇದನ್ನು. ಜೀವಕೋಶಗಳ ನಡುವೆ ಒಂದು ಬಲೆಯಿದೆ. ಹೊಸ ರಕ್ತನಾಳದ ಚಿಗುರು ತನ್ನದೇ ಕಿಣ್ವಗಳಿಂದ ಬಲೆಯ ಎಳೆಗಳನ್ನು ಕತ್ತರಿಸಿ ದಾರಿ ಮಾಡಿಕೊಳ್ಳುತ್ತದೆ. ಉಳಿದ ಎಳೆಗಳನ್ನೇ ಹಿಡಿದು ಮುಂದೆ ಹೋಗುತ್ತದೆ. ಕತ್ತರಿಸಿದ್ದು ಕಡಿಮೆಯಾದರೆ ದಾರಿಯಿಲ್ಲ, ಹೆಚ್ಚಾದರೆ ಆಸರೆಯಿಲ್ಲ. ದೊಡ್ಡಮ್ಮನಂಥ ಸಕ್ಕರೆ ಕಾಯಿಲೆಯವರ ಗಾಯದಲ್ಲಿ ಮೊದಲೇ ಈ ಕಿಣ್ವದ ಕತ್ತರಿಗಳು ಹೆಚ್ಚು. ಅದರ ಮೇಲೆ ಇವಳು ದಿನಾ ಬೆಳಿಗ್ಗೆ ಇನ್ನಷ್ಟು ಸುರಿಯುತ್ತಿದ್ದಳು.

ಓದಿಗೆ ತಕ್ಕ ಕೆಲಸವೂ ಸಿಕ್ಕಿದಂತೆಯೇ ಇತ್ತು. ಸಂದರ್ಶನ ಕೊಟ್ಟು ಬಂದಿದ್ದ ಪ್ರಯೋಗಾಲಯದಿಂದ ಫೋನ್ ಬಂದಾಗ ಇವಳು ಬಚ್ಚಲಿನಲ್ಲಿದ್ದಳು, ಎತ್ತಿದವರು ದೊಡ್ಡಮ್ಮ. "ಅವಳಾ? ನಾಲ್ಕು ಜನರ ಮುಂದೆ ಬಾಯೇ ಬಿಡಲ್ಲ. ನಿಮಗೆ ಆಗಿಬರಲ್ಲ ಬಿಡಿ, ಬೇರೆಯವರನ್ನ ನೋಡ್ಕೊಳ್ಳಿ." ಬಾಗಿಲಾಚೆಯ ಒಂದೊಂದು ಮಾತೂ ಕೇಳಿತು. ತಲೆಯಿಂದ ನೀರಿಳಿಯುತ್ತ ನಿಂತಳೇ ಹೊರತು, ನಿಜಕ್ಕೂ ಬಾಯಿ ಬಿಡಲಿಲ್ಲ.

"ನಿನ್ನ ಒಳ್ಳೇದಕ್ಕೇ ಕಣೇ," ಎಂದರು ದೊಡ್ಡಮ್ಮ ಊಟಕ್ಕೆ ಕೂತಾಗ. "ನೀನು ಹೋದ್ರೆ ನನ್ನ ಕಾಲು ನೋಡೋರ್ಯಾರು?"

ನೋಡ್ತೀನಿ, ಚೆನ್ನಾಗಿಯೇ ನೋಡ್ತೀನಿ ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಈ ಸಲ ಆಸ್ಪತ್ರೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ ಮುಖ ಗಂಟಿಕ್ಕಿದರು. "ಬಂದಿದ್ದ ಕೆಂಪೂ ಮಾಸಿಹೋಗಿದೆಯಲ್ಲಮ್ಮ. ಹೀಗೇ ಆದ್ರೆ ಕಾಲ್ಬೆರಳು ತೆಗೀಬೇಕಾಗುತ್ತೆ. ನಿಜ ಹೇಳಿ, ಕದ್ದು ಸಿಹಿ ತಿಂತಿದ್ದೀರಾ?"

"ಅಯ್ಯೋ, ನಾಲಿಗೆ ಮೇಲೆ ಇಟ್ಟಿಲ್ಲಪ್ಪ. ಮೊನ್ನೆ ಟೆಸ್ಟಲ್ಲೂ ಸರಿ ಇತ್ತಲ್ಲ."

"ಟೆಸ್ಟಿನ ಹಿಂದಿನ ದಿನ ಎಲ್ಲರೂ ಪಥ್ಯದವರೇ!" ಡಾಕ್ಟರು ನಕ್ಕರು. "ನಿಮ್ಮಂಥವರನ್ನ ಎಷ್ಟು ಜನ ನೋಡಿಲ್ಲ ನಾನು."

ಊರಿಗೆಲ್ಲ ಉತ್ತರ ಕೊಡುವ ಹೆಂಗಸು, ಮಾಡದ ತಪ್ಪಿಗೆ ತಲೆ ತಗ್ಗಿಸಿ ಕೂತಿದ್ದರು. ಇವಳಿಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಯಿತು ಕೂಡ, ಒಂದು ಗುಟುಕು. ಆಮೇಲೆ ಸಿಟ್ಟು ಬಂತು. ಕೆಲಸ ಯಾರದೋ ಪಾಲಾಯಿತು. ಈಗ ತಾನು ಕೈಯಾರೆ ತೀರಿಸಿಕೊಂಡ ಸೇಡೂ ಸಕ್ಕರೆಯ ಪಾಲಾಗುತ್ತಿದೆ! ಬೆರಳು ಹೋದರೂ ಅದು ಯಾರ ಕೈಯಿಂದ ಹೋಯಿತು, ಯಾಕೆ ಹೋಯಿತು ಎಂದು ಈ ದೊಡ್ಡಮ್ಮನಿಗೆ ತಿಳಿಯುವುದೇ ಇಲ್ಲ.

ದೊಡ್ಡಮ್ಮ ಇವಳ ಕೈ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು. "ನೀನಾದ್ರೂ ಹೇಳೇ. ಹತ್ತಿರದಲ್ಲೇ ಇದ್ದು ನೋಡಿದ್ದೀಯಲ್ಲ. ನನ್ನ ಪರವಾಗಿ ಒಂದು ಮಾತಾಡೇ."

ಇವಳು ಕೈ ಬಿಡಿಸಿಕೊಳ್ಳಲಿಲ್ಲ. ಡಾಕ್ಟರ ಕಡೆ ನೋಡಲೂ ಇಲ್ಲ. ದೊಡ್ಡಮ್ಮನ ಕಣ್ಣನ್ನೇ ನೋಡಿದಳು. ಧ್ವನಿ ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು.

"ನೀವು ಸಿಹಿ ಮುಟ್ಟಿಲ್ಲ ದೊಡ್ಡಮ್ಮ. ಕೆಂಪು ಕಂಡ ತಕ್ಷಣ ನಿಲ್ಲಿಸು ಅಂತ ನರ್ಸ್ ಹೇಳಿದ್ರೂ ಆ ಮುಲಾಮನ್ನ ನಾನೇ ಹಚ್ಚಿದೆ. ಈ ಕಾಲು ವಾಸಿಯಾಗೋದು ನನಗೆ ಬೇಕಿರ್ಲಿಲ್ಲ."