ಮುಚ್ಚಳ ತೆಗೆದ ಮುಹೂರ್ತ

ಬೆಳಗಿನ ಅವಲಕ್ಕಿಯನ್ನು ಸರಿತಾ ಮುಟ್ಟದೆ ಪಕ್ಕಕ್ಕೆ ಸರಿಸಿದ್ದಳು. ಅದಕ್ಕೆ ಕಾರಣ ಗಂಡನ ಸೋದರಮಾವ ಶಿದ್ಲಿಂಗಪ್ಪ. ಬೆಲ್ಲದ ಬಾಗೇವಾಡಿಯಿಂದ ಜೀಪು ತುಂಬ ಜನ ಕಟ್ಟಿಕೊಂಡು ಬಂದಿಳಿದ ಆ ದೊಡ್ಡ ಮನುಷ್ಯರು, ಬಾಯಿ ತುಂಬಿದ್ದ ಗುಟ್ಕಾವನ್ನು ಅವಳ ಹೊಸ ಅಂಗಡಿಯ ಗೋಡೆಗೆ ಪಿಚಕ್ಕೆಂದು ಉಗುಳಿ, "ಜಾಗಾ ಚಲೋ ಐತಿ" ಎಂದಿದ್ದರು. ಅವಳು ನಿನ್ನೆಯಷ್ಟೇ ಸುಣ್ಣ ಬಳಿದ ಗೋಡೆ ಅದು.

ಮೂಡಲಗಿಯ ಸಂತೆ ಬಯಲಿನ ಹಿಂದಿನ ಈ ತಗಡಿನ ಚಾವಣಿಯ ಶೆಡ್ಡಿಗಾಗಿ ಸರಿತಾ ಬಹಳ ಬೆವರು ಸುರಿಸಿದ್ದಳು. ಗೋಕಾಕಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಟ್ಟಿಗೆ ಕೆಲಸ ಕಲಿತು, ಅಲ್ಲಿಂದಲೇ ಒಂದು ಹಳೆಯ ಗರಗಸದ ಮಷೀನು ತಂದಿದ್ದಳು. ಒಳಗೆ ಯಾರೂ ಕಾಲಿಡಬಾರದೆಂದು ಅದರ ಸುತ್ತ ಹಳದಿ ಗೆರೆ ಎಳೆದಿದ್ದಳು. ವೈರು ಯಾರ ಕಾಲಿಗೂ ತೊಡರದಂತೆ ಗೋಡೆಗುಂಟ ಹೊಡೆಸಿದ್ದಳು. ತಿರುಗುವ ಹಲ್ಲಿನ ಚಕ್ರದ ಮೇಲೆ ಗಟ್ಟಿ ಮುಚ್ಚಳ ಕೂಡಿಸಿದ್ದಳು. ಮಷೀನಿಗೆ ಇದ್ದದ್ದು ಒಂದೇ ಕೊರತೆ. ಹಸಿರು ಬಟನ್ ಒಮ್ಮೆ ಒತ್ತಿದರೆ ಕೆಂಪು ಬಟನ್ ಒತ್ತುವ ತನಕ ಒಳಗೇ ಕೂತಿರುತ್ತಿತ್ತು. ನಡುವೆ ಕರೆಂಟ್ ಹೋಗಿ ಬಂದರೆ ಮಷೀನು ತಾನಾಗಿಯೇ ತಿರುಗತೊಡಗುತ್ತಿತ್ತು. ಹೊಸ ಸ್ವಿಚ್ಚು ಬಂದ ಮೇಲೆ ಶುರು ಮಾಡೋಣ ಎಂದು ಅವಳು ಗೋಗರೆದಿದ್ದಳು. ಮುಹೂರ್ತ ಸ್ವಿಚ್ಚಿಗಾಗಿ ಕಾಯುವುದಿಲ್ಲ ಎಂದು ಶಿದ್ಲಿಂಗಪ್ಪ ಮಾವ ಫೋನಿನಲ್ಲೇ ತೀರ್ಮಾನ ಕೊಟ್ಟಿದ್ದರು.

ಅವರ ಮಾತು ಮೀರುವಂತಿರಲಿಲ್ಲ. ಹುಕ್ಕೇರಿ ಕಡೆಯ ಒಂದು ಶಾಲೆಗೆ ಅವರು ಚೇರ್ಮನ್ನು. ಸಣ್ಣ ಮಕ್ಕಳು ಕೂರುವ ಸ್ಟೂಲುಗಳ ಆರ್ಡರ್ ಕೊಡಿಸುತ್ತೇನೆಂದಿದ್ದರು. ಅದು ಸಿಕ್ಕರೆ ಅಂಗಡಿ ನಿಲ್ಲುತ್ತದೆ, ಇಲ್ಲದಿದ್ದರೆ ಹಾಕಿದ ಶಟರ್ ಎತ್ತುವುದು ಕಷ್ಟ. ಹಾಗಾಗಿ ಸರಿತಾ ಒದ್ದೆ ಅರಿವೆ ತಂದು ಗೋಡೆ ಒರೆಸಿದಳು.

ಅವಳು ಮನೆಗೆ ಹೋಗಿ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು ಬರುವಷ್ಟರಲ್ಲಿ ಮಷೀನಿಗೆ ಮದುವೆಯ ಕಳೆ ಬಂದಿತ್ತು. ಮುಚ್ಚಳ ಬಿಚ್ಚಿಟ್ಟು, ಬೆತ್ತಲೆ ಚಕ್ರಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಸೇವಂತಿಗೆ ಮಾಲೆಯನ್ನು ಹಲ್ಲುಗಳಿಗೇ ಸುತ್ತಿದ್ದರು.

"ಮುಚ್ಚಳ ಯಾರ ತಗದ್ರಿ?" ಎಂದಳು.

"ನಾನ ತಗಸೇನಿ," ಎಂದರು ಅತ್ತೆ ಶೆಟ್ಟೆವ್ವ. "ದೇವರ ಮಾರಿ ಮುಚ್ಚಿ ಯಾರರೆ ಪೂಜಿ ಮಾಡತಾರೇನವಾ? ಅಣ್ಣ ಫೋಟೋ ತಗಸ್ಕೋಬೇಕಂತ."

ಮುಚ್ಚಳ ಹುಡುಕಿಕೊಂಡು ಹಿತ್ತಲಿಗೆ ಹೋದರೆ, ಜೀಪಿನ ಜನ ಅದನ್ನು ಬೋರಲಾಗಿಟ್ಟು, ಅದರ ಮೇಲೆ ಕುಂಡಿಯೂರಿ ಕೂತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು. ಅದರ ಒಂದು ಮಗ್ಗುಲು ಆಗಲೇ ಸೀಳುಬಿಟ್ಟಿತ್ತು. ಸರಿತಾಳಿಗೆ ಮೈಯೆಲ್ಲ ಉರಿದುಹೋಯಿತು. ಹೇಸಿಗೆ ಎಂದರೆ ಬರೀ ಉಗುಳಲ್ಲ, ಈ ಬಿಡುಬೀಸು ನಿಶ್ಚಿಂತೆಯೂ ಹೇಸಿಗೆಯೇ ಎಂದು ಅವಳಿಗೆ ಅನ್ನಿಸಿತು.

ಒಳಗೆ ಮಾವನ ತಲೆಗೆ ಪಟಗಾ ಸುತ್ತಿ, ಹೆಗಲಿಗೆ ಉದ್ದನೆಯ ಶಾಲು ಹೊದಿಸಿ, ಕೊರಳಿಗೆ ಹಾರ ಹಾಕಿದ್ದರು. ಹಳದಿ ಗೆರೆಯ ಒಳಗೆ ಚಕ್ಕಳಮಕ್ಕಳ ಹಾಕಿ ಕೂತವರೇ ನಾಲ್ಕಾರು ಜನ. ತೆಂಗಿನಕಾಯಿ ಒಡೆದು ಕರ್ಪೂರ ಬೆಳಗಿದರು. ಆ ಗದ್ದಲದಲ್ಲಿ ಮೇಲಿನ ಫ್ಯಾನು ನಿಧಾನವಾಗಿ ನಿಂತದ್ದನ್ನು ಸರಿತಾ ಒಬ್ಬಳೇ ನೋಡಿದಳು. ಕರೆಂಟ್ ಹೋಗಿತ್ತು.

ಶಿದ್ಲಿಂಗಪ್ಪ ಹಸಿರು ಬಟನ್ ಒತ್ತಿದರು. ಮಷೀನು ಮಿಸುಕಲಿಲ್ಲ.

"ಮಾಲಿ ಸಿಕ್ಕೊಂಡೈತಿ," ಎನ್ನುತ್ತ ಅವರು ಬಗ್ಗಿ, ಚಕ್ರದ ಹಲ್ಲುಗಳ ನಡುವೆ ಬೆರಳು ತೂರಿಸಿ ಮಾಲೆಯ ದಾರ ಬಿಡಿಸತೊಡಗಿದರು. ಶಾಲಿನ ಸೆರಗು ಚಕ್ರದ ಮೇಲೆಯೇ ಜೋತುಬಿದ್ದಿತ್ತು. ಹಸಿರು ಬಟನ್ ಒಳಗೇ ಕೂತಿತ್ತು.

ಸರಿತಾ ಜನರನ್ನು ನೂಕಿಕೊಂಡು ಹೋಗಿ, ಎರಡೂ ಕೈಯಿಂದ ಅವರ ರಟ್ಟೆ ಹಿಡಿದು ಜಗ್ಗಿದಳು. ಪಟಗಾ ಒಂದು ಕಡೆ, ಶಾಲು ಮಷೀನಿನ ಮೇಲೆ, ದೊಡ್ಡ ಮನುಷ್ಯರು ನೆಲದ ಮೇಲೆ.

"ಬಟನ್ ಬಂದ್ ಮಾಡ್ರಿ, ಕರೆಂಟ್ ಬಂದ್ರ ತಿರಗತೈತಿ," ಎಂದು ಅವಳು ಕೆಂಪು ಬಟನ್ನಿನತ್ತ ಚಾಚಿದ ಕೈಯನ್ನು ಅತ್ತೆ ಗಪ್ಪನೆ ಹಿಡಿದರು.

"ನಾಕ ಮಂದ್ಯಾಗ ಹಿರ್ಯಾರನ್ನ ಕೆಡವಿದಿ. ಮೊದಲ ಕಾಲ ಹಿಡಿ."

"ಕರೆಂಟ ಇಲ್ಲಂದ ಮ್ಯಾಲ ಏನಾಗತಿತ್ತ? ಹಿಡದಬಿಡ ಸರಿತಾ," ಎಂದ ಗಂಡ ಶಿವಪುತ್ರ. ಆರ್ಡರ್ ಕೈತಪ್ಪುವ ಭಯಕ್ಕೆ ಅವನ ದನಿ ಅಳುವಂತಿತ್ತು. ಆ ದನಿಯೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಎನಿಸಿತು. ಆದರೂ ಬಗ್ಗಿದಳು. ಧೂಳು ಮೆತ್ತಿದ ಆ ಪಾದಗಳಿಗೆ ಅವಳ ಬೆರಳು ತಾಗಿತಷ್ಟೇ.

ಮಷೀನು ಗುರ್ರೆಂದಿತು. ಸೇವಂತಿಗೆ ಚಿಂದಿಯಾಗಿ ಎಲ್ಲರ ಮುಖಕ್ಕೆ ರಾಚಿತು. ಚಕ್ರ ಶಾಲನ್ನು ಸರ್ರನೆ ಒಳಗೆಳೆದುಕೊಂಡು ಹರಿದು ಹಾಕಿತು. ಸರಿತಾ ಕೈ ಬಿಡಿಸಿಕೊಂಡು ಓಡಿಹೋಗಿ ಕೆಂಪು ಬಟನ್ ಹೊಡೆದಳು. ಚಕ್ರ ಇನ್ನೂ ಸ್ವಲ್ಪ ಹೊತ್ತು ತಿರುಗಿ ನಿಂತಿತು.

ಈಗಾದರೂ ತಿಳಿದೀತು ಎಂದು ಅವಳು ತಿರುಗಿ ನೋಡಿದಳು.

"ಕಾಲ ಮುಟ್ಟಿದ್ದ ತಡಾ, ಕರೆಂಟ್ ಬಂತ ನೋಡ್ರಿ," ಎಂದ ಜೀಪಿನವನೊಬ್ಬ. "ಎಂಥಾ ಕೈಗುಣಾ ಅಂತೀನಿ ಯಜಮಾನ್ರದು."

ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಅತ್ತೆ ಕಣ್ಣೊರೆಸಿಕೊಂಡು ಮಷೀನಿಗೆ ಕೈಮುಗಿದರು. ಶಿದ್ಲಿಂಗಪ್ಪ ಎದ್ದು, ಧೋತರ ಕೊಡವಿಕೊಂಡು, ಬಟ್ಟಲಿನಿಂದ ಸಕ್ಕರೆ ತೆಗೆದು ಅವಳ ಮುಂದೆ ಹಿಡಿದರು.

"ತಪ್ಪ ಆಗತೈತಿ, ಇರಲಿ. ಸ್ಟೂಲಿನ ಆರ್ಡರ್ ನಿನಗ. ಆ ಮುಚ್ಚಳಾ ಮಾತ್ರ ಇನ್ನ ಹಾಕಬ್ಯಾಡ, ಅಪಶಕುನ."

ಶಿವಪುತ್ರ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ಸರಿತಾ ಸಕ್ಕರೆಗೆ ಕೈಯೊಡ್ಡಲಿಲ್ಲ. ಅವಳು ಮಾವನ ಕೈಯನ್ನೇ ನೋಡುತ್ತಿದ್ದಳು.

"ಆರ್ಡರ್ ಬ್ಯಾಡ್ರಿ ಮಾವಾರ," ಎಂದಳು. "ನಿಮ್ಮ ಬೆರಳ ಒಮ್ಮಿ ಎಣಿಸಿಕೊಂಡ ಹೋಗ್ರಿ."

ಚಪ್ಪಾಳೆ ನಿಂತಿತು. ಶಿದ್ಲಿಂಗಪ್ಪ ಸಕ್ಕರೆಯನ್ನು ನೆಲಕ್ಕೆ ಬಿಟ್ಟು, ಎಲ್ಲರೂ ನೋಡುತ್ತಿರುವಂತೆಯೇ, ತಮ್ಮ ಕೈಯನ್ನು ಮುಖದ ಹತ್ತಿರ ತಂದುಕೊಂಡು ನೋಡಿದರು.